ಲಾಂಛನಕ್ಕೆ ತಕ್ಕ ನಡೆ



ಈ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಮಕ್ಕಳು ಸಮವಸ್ತ್ರ ತೊಟ್ಟು ಶಾಲೆಗೆ ಅಣಿಯಾಗುತ್ತಿರುತ್ತಾರೆ. ಅಂಗಿಯ ಜೇಬಿನ ಮೇಲೆ ಶಾಲೆಯ ಲಾಂಛನ. ಉರಿಯುವ ದೀಪ, ತೆರೆದ ಪುಸ್ತಕ, ಅರಳಿದ ತಾವರೆ, ಮೂಡುವ ಸೂರ್ಯ. ಹೊಸಪೇಟೆ, ಕಂಪ್ಲಿ, ಸಂಡೂರು, ಯಾವ ಊರಿನ ಮಗುವಾದರೂ ಇಂಥದ್ದೊಂದು ಗುರುತನ್ನು ಎದೆಯ ಮೇಲೆ ಹೊತ್ತು ನಡೆಯುತ್ತದೆ. ಅದು ತನ್ನಿಂದ ಏನನ್ನು ಕೇಳುತ್ತಿದೆ ಎಂದು ಆ ಮಗುವಿಗೆ ನಾವು ಹೇಳಿಕೊಟ್ಟಿದ್ದೇವೆಯೇ?

ಲಾಂಛನವನ್ನು ಓದುವುದು ಹೇಗೆಂದು ಕಲಿಯಲು ನಮಗೆ ಹಂಪಿಯೇ ಪಾಠಶಾಲೆ. ಅಚ್ಯುತರಾಯ ಗುಡಿಯ ಮುಂದಿನ ಬೀದಿ ಹಿಡಿದು ಹೊಳೆಯ ಕಡೆಗೆ ನಡೆದರೆ ವರಾಹ ದೇವಾಲಯ ಸಿಗುತ್ತದೆ. ಅದರ ಬಾಗಿಲ ಗೋಡೆಯಲ್ಲಿ ವಿಜಯನಗರದ ರಾಜಲಾಂಛನವಿದೆ. ಒಂದು ವರಾಹ, ಅದರ ಮುಂದೆ ನೆಟ್ಟಗೆ ನಿಂತ ಕಠಾರಿ, ಮೇಲೆ ಸೂರ್ಯ ಮತ್ತು ಚಂದ್ರ.

ಆನೆ, ಸಿಂಹಗಳಿರುವಾಗ ಅರಸರು ವರಾಹವನ್ನೇಕೆ ಆರಿಸಿಕೊಂಡರು? ಅವರಿಗಿಂತ ನೂರಾರು ವರ್ಷ ಮೊದಲು ಬಾದಾಮಿಯ ಚಾಲುಕ್ಯರ ಗುರುತೂ ಇದೇ ಆಗಿತ್ತು. ಭೂಮಿ ನೀರಿನಲ್ಲಿ ಮುಳುಗಿದಾಗ ವಿಷ್ಣು ವರಾಹನಾಗಿ ಆಳಕ್ಕಿಳಿದು, ಅವಳನ್ನು ಕೋರೆದಾಡೆಯ ಮೇಲೆ ಎತ್ತಿ ತಂದ ಎನ್ನುತ್ತದೆ ಪುರಾಣ. ಮೇಲೆ ನಿಂತು ಮರುಗಿದರೆ ಮುಳುಗಿದವರು ಏಳುವುದಿಲ್ಲ. ಕೆಸರಿಗಿಳಿಯಲು ಹೇಸದವರೇ ಎತ್ತಬಲ್ಲರು. ಎತ್ತುವುದೇ ದೊರೆತನ, ಎತ್ತುವುದೇ ವಿದ್ಯೆಯ ಗುರಿ.

ಇನ್ನು ಸೂರ್ಯಚಂದ್ರರು. ನಮ್ಮ ಸೀಮೆಯ ದಾನಶಾಸನಗಳ ನೆತ್ತಿಯಲ್ಲೂ ಇವರನ್ನು ಕಾಣುತ್ತೇವೆ. ಗುಡಿಗೆ ಬಿಟ್ಟ ಹೊಲ, ಕೆರೆಗೆ ಬಿಟ್ಟ ಹಣ ಆಚಂದ್ರಾರ್ಕವಾಗಿ ನಡೆಯಲಿ ಎಂಬ ಮಾತಿಗೆ ಅವರೇ ಸಾಕ್ಷಿ. ಕೊಟ್ಟ ಮಾತು ಕೊಟ್ಟವರ ಕಾಲಕ್ಕೇ ಮುಗಿಯಬಾರದು ಎಂಬುದು ಅದರ ಆಶಯ. ಕಠಾರಿಯೂ ಇದೆ, ಆದರೆ ಅದು ನಿಂತಿರುವುದು ಸೂರ್ಯಚಂದ್ರರ ಕೆಳಗೆ. ಬಲ ಬೇಕು, ಆದರೆ ಬಲದ ಮೇಲೆ ಸತ್ಯದ ಕಣ್ಣಿರಬೇಕು. 1336ರಲ್ಲಿ ಕಟ್ಟಿದ ವಿಜಯನಗರ ರಾಜ್ಯದ ರಾಜಧಾನಿಯಾದ ಈ ಹಂಪಿ 1565ರ ರಕ್ಕಸತಂಗಡಿ ಕಾಳಗದ ಬಳಿಕ ಹಾಳಾಯಿತು. ಕತ್ತಿಯಿಂದ ಉಳಿಸಿಕೊಳ್ಳಲಾಗದ ಊರಿನಲ್ಲಿ ಆ ಪಾಠ ಮಾತ್ರ ಕಲ್ಲಿನಲ್ಲಿ ಉಳಿದಿದೆ.

ವಿಜಯನಗರದ ಅರಸ ಅಚ್ಯುತರಾಯನ ನಾಣ್ಯದ ಮೇಲಿದ್ದ ಎರಡು ತಲೆಯ ಹಕ್ಕಿ ಗಂಡಭೇರುಂಡವನ್ನೂ ನೆನೆಯೋಣ. ಮುಂದೆ ಅದು ಮೈಸೂರು ಒಡೆಯರ ಲಾಂಛನವಾಯಿತು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯದ ಲಾಂಛನದಲ್ಲೂ ಸೇರಿತು. ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿದೆ. ಒಂದು ಕಾಲಕ್ಕೆ ಅರಸನ ಪರಾಕ್ರಮವನ್ನು ಸಾರಿದ ಹಕ್ಕಿ, ಓದಲು ಬಂದ ರೈತನ ಮಗನಿಗೂ ಮಗಳಿಗೂ ಸ್ವಂತದ್ದಾಯಿತು. ಅದು ಹಿರಿಮೆ ಹೌದು, ಹೊಣೆಯೂ ಹೌದು.

ಶಾಲೆಯ ಲಾಂಛನವನ್ನೂ ಹೀಗೇ ಓದಬೇಕು. ದೀಪ ಧರಿಸಿದ ಮಗು ತಾನು ಅರಿತದ್ದನ್ನು ಬಚ್ಚಿಡಬಾರದು. ತೆರೆದ ಪುಸ್ತಕ ಧರಿಸಿದ ಮಗು ಪ್ರಶ್ನೆ ಕೇಳಲು ಅಂಜಬಾರದು. ತಾವರೆ ಧರಿಸಿದ ಮಗು ಕೊಳಕು ಮಾತಿನ ನಡುವೆಯೂ ನಾಲಿಗೆ ಶುಚಿಯಾಗಿಟ್ಟುಕೊಳ್ಳಬೇಕು. ಇದನ್ನು ಹೇಳಿಕೊಡುವ ಕೆಲಸ ಮೇಷ್ಟ್ರದ್ದಷ್ಟೇ ಅಲ್ಲ, ಮನೆಯವರದ್ದೂ ಹೌದು. ಶಾಲೆ ಬಿಟ್ಟ ದಿನ ಆ ಅಂಗಿ ಕಳಚುತ್ತದೆ, ಅದು ಹೊರಿಸಿದ ಹೊಣೆ ಕಳಚುವುದಿಲ್ಲ. ಹೀಗಾಗಿ ಓದು ಮುಗಿಸಿ ದೊಡ್ಡವರಾದ ನಮಗೂ ಈ ಮಾತು ಸಲ್ಲುತ್ತದೆ.

ಇಂದು ಮಗು ಹೊಸ್ತಿಲು ದಾಟುವ ಮುನ್ನ ಆ ಗುರುತಿನ ಅರ್ಥವನ್ನು ಎರಡು ಮಾತಿನಲ್ಲಿ ಹೇಳೋಣ. ತರಗತಿಯಲ್ಲಿ ಹಿಂದೆ ಬಿದ್ದ ಒಬ್ಬ ಗೆಳೆಯನಿಗೆ ಒಂದು ಲೆಕ್ಕವನ್ನಾದರೂ ಹೇಳಿಕೊಟ್ಟು ಬಾ ಎಂದು ಕಳಿಸೋಣ. ಲಾಂಛನದ ಮಾನ ಉಳಿಯುವುದು ಅಂಥ ನಡೆಯಿಂದ.