ಅಕೌಂಟ್ ಬಾಡಿಗಿಗೆ ಕೊಟ್ರ ಏನ್ ಹೋಗ್ತೈತಿ?

  ಇವತ್ತಿನ ಮಾತು ಶುರುವಾಗಿದ್ದು ಕನಕಗಿರಿಯ ಒಂದು ಚಹಾದ ಅಂಗಡಿಯಲ್ಲಿ.

ಹೋದ ವಾರ ಊರಿಗೆ ಬಂದಿದ್ದೆ. ಡಿಗ್ರಿ ಕೊನೇ ವರ್ಷದ ಹುಡುಗ, ನಮ್ಮ ಓಣಿಯವನೇ, ಹತ್ತಿರ ಬಂದು ಫೋನ್ ತೋರಿಸಿದ. ಟೆಲಿಗ್ರಾಮ್‌ನಲ್ಲಿ ಒಂದು ಮೆಸೇಜ್. ಬ್ಯಾಂಕ್ ಖಾತೆ ಬಾಡಿಗೆಗೆ ಬೇಕು, ತಿಂಗಳಿಗೆ 10,000 ರೂಪಾಯಿ. ಎಟಿಎಂ ಕಾರ್ಡ್, ಪಾಸ್‌ಬುಕ್, ಖಾತೆಗೆ ಜೋಡಿಸಿದ ಸಿಮ್, ಇಷ್ಟು ಕೊಟ್ಟರೆ ಸಾಕು.

“ಅಣ್ಣಾ, ನೀ ಬಿ.ಕಾಂ ಓದೀಯಲ್ಲ, ಹೇಳು. ಇದ್ರಾಗ ನಂದೇನೂ ರೊಕ್ಕ ಹಾಕೋದಿಲ್ಲ. ಖಾತೆಯಾಗ ಇರೋದ 340 ರೂಪಾಯಿ. ಹೋದ್ರ ಏನ್ ಹೋಗ್ತೈತಿ?”

ಇದು ದಡ್ಡ ಪ್ರಶ್ನೆ ಅಲ್ಲ. ಈ ಹುಡುಗ ಗೇಮ್ ಆ್ಯಪ್‌ಗಳಲ್ಲಿ ಮೊದಲೇ ಕೈ ಸುಟ್ಟುಕೊಂಡವನು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾನೂನು ಮಾಡಿತಲ್ಲ, ಅದಕ್ಕೂ ಮೊದಲೇ ಇವನ ರೊಕ್ಕ ಹೋಗಿತ್ತು. ಅವನ ಲೆಕ್ಕ ಏನಂದ್ರೆ, ಅಲ್ಲಿ ನನ್ನ ರೊಕ್ಕ ಇತ್ತು, ಹೋಯ್ತು. ಇಲ್ಲಿ ನನ್ನ ರೊಕ್ಕನೇ ಇಲ್ಲ, ಅಂದ್ಮೇಲೆ ರಿಸ್ಕೂ ಇಲ್ಲ.

ಇಲ್ಲೇ ಲೆಕ್ಕ ತಪ್ಪಿದ್ದು. ನಾನು ಅವನಿಗೆ ಕೇಳಿದೆ: “ನಿಮ್ಮ ಮನ್ಯಾಗ ಯಾರಾದ್ರೂ ಯಾರದೋ ಸಾಲಕ್ಕ ಜಾಮೀನು ಬಿದ್ದಾರೇನು?” ದೊಡ್ಡಪ್ಪ ಬಿದ್ದಿದ್ದರಂತೆ. ಸಾಲ ತಗೊಂಡವನು ಊರು ಬಿಟ್ಟ, ನೋಟಿಸು ದೊಡ್ಡಪ್ಪನ ಮನೆಗೆ ಬಂತು. ಆವತ್ತು ದೊಡ್ಡಪ್ಪ ಕೂಡ ಒಂದು ರೂಪಾಯಿ ಹಾಕಿರಲಿಲ್ಲ. ಕೊಟ್ಟಿದ್ದು ಬರೀ ಸಹಿ. ಅವರಿಗೆ ಸಾಲಗಾರನ ಮುಖ, ಮನೆ, ಹೊಲ ಆದ್ರೂ ಗೊತ್ತಿತ್ತು. ನಿನಗೆ ಟೆಲಿಗ್ರಾಮ್‌ನಲ್ಲಿ ಕಾಣ್ತಿರೋದು ಒಂದು ಕಾರಿನ ಡಿಪಿ.

ಆ ಖಾತೆಗೆ ಬರೋ ಹಣ ಯಾರದು? ಎಲ್ಲೋ ಒಬ್ಬ ನಿವೃತ್ತ ಮೇಷ್ಟ್ರಿಗೆ ವಿಡಿಯೋ ಕಾಲ್ ಮಾಡಿ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸಿ ಕಿತ್ತುಕೊಂಡ ಹಣ. ಇಲ್ಲಾ ಸುಳ್ಳು ಶೇರು ಆ್ಯಪ್‌ನಲ್ಲಿ ಒಬ್ಬ ಹೆಣ್ಮಗಳು ಬಂಗಾರ ಅಡ ಇಟ್ಟು ಕಟ್ಟಿದ ಹಣ. ಅದು ಮೊದಲ ಖಾತೆಗೆ ಬೀಳ್ತದೆ, ಕೆಲವೇ ನಿಮಿಷದಲ್ಲಿ ನಾಲ್ಕೈದಾಗಿ ಒಡೆದು ಬೇರೆ ಖಾತೆಗಳಿಗೆ ಹೋಗ್ತದೆ, ಕೊನೆಗೆ ಎಟಿಎಂನಲ್ಲಿ ನೋಟಾಗಿಯೋ ಕ್ರಿಪ್ಟೋ ಆಗಿಯೋ ಮಾಯ. ಈ ಸರಪಳಿಯಲ್ಲಿ ಮೋಸಗಾರನ ಹೆಸರು ಎಲ್ಲೂ ಇರಲ್ಲ. ಆಧಾರ್, ಪ್ಯಾನ್, ಫೋಟೋ, ಮನೆ ವಿಳಾಸ ಸಮೇತ ಸಿಗೋದು ನೀನೊಬ್ಬನೇ. ಇಂಥದ್ದನ್ನ ಮ್ಯೂಲ್ ಅಕೌಂಟ್ ಅಂತಾರೆ. ಮ್ಯೂಲ್ ಅಂದ್ರೆ ಹೇಸರಗತ್ತೆ, ಇನ್ನೊಬ್ಬರ ಹೊರೆ ಹೊರೋ ಪ್ರಾಣಿ. ಹೆಸರು ಇಟ್ಟವರು ಸರಿಯಾಗೇ ಇಟ್ಟಿದ್ದಾರೆ.

ಹಣ ಕಳಕೊಂಡವರು 1930ಕ್ಕೆ ಫೋನ್ ಮಾಡಿದ ಕೂಡಲೇ ಖಾತೆ ಫ್ರೀಜ್ ಆಗಬಹುದು. ಆಮೇಲೆ ನೋಟಿಸು. ಅದು ಕೊಪ್ಪಳದಿಂದಲೇ ಬರಬೇಕಂತಿಲ್ಲ, ದೂರು ಎಲ್ಲಿ ಆಗಿದೆಯೋ ಆ ರಾಜ್ಯದ ಪೊಲೀಸರಿಂದ ಬರ್ತದೆ. ಒಂದೇ ಖಾತೆಗೆ ಮೂರು ರಾಜ್ಯದ ದುಡ್ಡು ಬಂದಿದ್ರೆ ಮೂರು ಕಡೆಯಿಂದ.

ಶೇರು ಮಾರ್ಕೆಟ್ ಗೊತ್ತಿರೋರಿಗೆ ಇನ್ನೊಂದು ರೀತಿ ಹೇಳ್ತೀನಿ. ನಾನೂ ಒಂದು ಕಾಲಕ್ಕೆ ಆಪ್ಷನ್ ಆಡಿ 40,000 ಕಳಕೊಂಡವನೇ. 2022ರಿಂದ 2024ರ ಮೂರು ಹಣಕಾಸು ವರ್ಷದಲ್ಲಿ ಎಫ್ ಆ್ಯಂಡ್ ಓ ಆಡಿದ ಜನಸಾಮಾನ್ಯರಲ್ಲಿ ಶೇ 93ರಷ್ಟು ಮಂದಿಗೆ ನಷ್ಟ ಅಂತ ಸೆಬಿಯೇ ಲೆಕ್ಕ ಕೊಟ್ಟಿದೆ, ಆ ಗುಂಪಿನಲ್ಲಿ ನಾನೂ ಒಬ್ಬ. ಆದ್ರೆ ನಾನು ಆಪ್ಷನ್ ಕೊಂಡವನು. ಕೊಂಡವನ ನಷ್ಟ ಕೊಟ್ಟ ಪ್ರೀಮಿಯಂಗೆ ನಿಲ್ತದೆ. ಮಾರಿದವನಿಗೆ ಕೈಗೆ ಸಣ್ಣ ಮೊತ್ತ ಬರ್ತದೆ, ನಷ್ಟಕ್ಕೆ ಮಾತ್ರ ತಳ ಇಲ್ಲ. ಖಾತೆ ಬಾಡಿಗೆಗೆ ಕೊಡೋದು ಮಾರಿದವನ ಕೆಲಸ. 10,000 ಕಣ್ಣಿಗೆ ಕಾಣ್ತದೆ, ಕೋರ್ಟಿನ ಓಡಾಟ, ಪೊಲೀಸ್ ವೆರಿಫಿಕೇಶನ್‌ನಲ್ಲಿ ಕೈ ತಪ್ಪಬಹುದಾದ ನೌಕರಿ ಕಾಣಲ್ಲ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ ಮಾತು ಕೇಳಿ ನನ್ನ ಚಹಾ ಗಂಟಲಲ್ಲೇ ನಿಂತಿತು. “ನಂದು ಬ್ಯಾಡ ಅಂದ್ರ ಅವ್ವಂದು ಐತಣ್ಣ. ಆಕಿಗೇನ್ ನೌಕರಿ ಬೇಕಾಗೈತಿ?”

ಅವ್ವನ ಆ ಖಾತೆಗೆ ಗೃಹಲಕ್ಷ್ಮಿಯ 2,000 ಬರ್ತದೆ, ಉದ್ಯೋಗ ಖಾತ್ರಿ ಕೂಲಿ ಬರ್ತದೆ. ಅದು ಫ್ರೀಜ್ ಆದ್ರೆ ತಿಂಗಳ ಸಂತಿ ನಿಂತು ಹೋಗ್ತದೆ. ಮೆಸೇಜು ಓದಲು ಬಾರದ ಆಕೆ ‘ನಂಗೇನೂ ಗೊತ್ತಿಲ್ರೀ’ ಅಂತ ಠಾಣೆಯಲ್ಲಿ ನಿಲ್ಲಬೇಕು. ನನಗೆ ಸಿಟ್ಟು ಬಂತು, ಅವನ ಮೇಲಲ್ಲ. ಫೀಸು ಕಟ್ಟೋ ಹೊತ್ತಿಗೆ ಸರಿಯಾಗಿ ಹಿಂಗೆ ಬಲೆ ಬೀಸೋರ ಮೇಲೆ.

ಈಗಾಗಲೇ ಕೊಟ್ಟಿದ್ರೆ? ಹಂಗೂ ಕೆಲವರು ಇದನ್ನ ಕೇಳ್ತಿರ್ತೀರಿ. ಮೊದಲನೇದು, ಚಾಟ್ ಡಿಲೀಟ್ ಮಾಡಬ್ಯಾಡ್ರಿ. ಹೆದರಿ ಎಲ್ಲಾರೂ ಅದನ್ನೇ ಮಾಡ್ತಾರೆ, ಆಮೇಲೆ ನಿಮ್ಮ ಮಾತಿಗೆ ಸಾಕ್ಷಿನೇ ಉಳಿಯಲ್ಲ. ಸ್ಕ್ರೀನ್‌ಶಾಟ್ ತಗೊಂಡು ಖುದ್ದಾಗಿ ಬ್ಯಾಂಕಿಗೆ ಹೋಗಿ ಕಾರ್ಡು, ನೆಟ್ ಬ್ಯಾಂಕಿಂಗ್ ಬಂದ್ ಮಾಡಿಸಿ. ಅರ್ಜಿ ಬರವಣಿಗೆಯಲ್ಲಿ ಕೊಟ್ಟು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಸಿಮ್ ಬ್ಲಾಕ್ ಮಾಡಿಸಿ. ಆಮೇಲೆ ಠಾಣೆ. ನೋಟಿಸು ಬರೋಕೆ ಮುಂಚೆ ನೀವೇ ಹೋಗಿ ಹೇಳೋದಕ್ಕೂ ಅವರು ಹುಡುಕಿಕೊಂಡು ಬರೋದಕ್ಕೂ ಬಹಳ ಫರಕ್ ಐತಿ. ಗೊತ್ತಿಲ್ಲದ ಹಣ ಖಾತೆಗೆ ಬಿದ್ದು, ‘ತಪ್ಪಿ ಬಂದಿದೆ, ಈ ನಂಬರಿಗೆ ವಾಪಸ್ ಹಾಕಿ’ ಅಂತ ಫೋನ್ ಬಂದ್ರೆ ನೀವಾಗಿ ಹಾಕಬೇಡಿ, ಬ್ಯಾಂಕಿಗೆ ಹೇಳಿ.

ಹಣ ಕಳಕೊಂಡವರು ನೀವೇ ಆಗಿದ್ರೆ, ನಾಳೆ ನೋಡೋಣ ಅನ್ನಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತು ಹೋದದ್ದು ಗಂಗಾವತಿ ಕಡೆಯವರು ಯಾರೂ ಮರೆತಿಲ್ಲ. ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿದ್ರು, ಉಳಿದ ನೀರು ಉಳೀತು. ಹರಿದು ಹೋದ ನೀರು ತಿರುಗಿ ಬರಲಿಲ್ಲ. ಇಲ್ಲಿ ನಿಮಗೆ ಒಂದು ವಾರ ಇಲ್ಲ, ಹಣ ಮೂರನೇ ಖಾತೆಗೆ ಜಿಗಿಯೋದ್ರೊಳಗೆ 1930ಕ್ಕೆ ಫೋನ್ ಹೋಗಬೇಕು.

ಆ ಹುಡುಗ ಅವತ್ತೇ ಸಂಜೆ ಗ್ರೂಪ್ ಬಿಟ್ಟ. ರಾತ್ರಿ ಹತ್ತಕ್ಕೆ ಫೋನ್ ಮಾಡಿ, “ಅಣ್ಣಾ, ನನ್ನ ದೋಸ್ತ್ ಒಬ್ಬ 15 ದಿನದ ಹಿಂದನ ಕಾರ್ಡ್ ಕೊಟ್ಟಾನ, ಅವನ ಅಪ್ಪಗ ಹೇಳಾಕ ಹೆದರ್ತಾನ” ಅಂದ. ಸೋಮವಾರ ಬ್ಯಾಂಕ್ ಬಾಗಿಲು ತೆಗೆಯೋ ಹೊತ್ತಿಗೆ ಮೂವರೂ ಅಲ್ಲಿರೋದು ಅಂತ ಮಾತಾಗೇತಿ. ಅಪ್ಪನ ಹತ್ರ ಭಾನುವಾರ ನಾನೇ ಹೋಗಿ ಕೂರ್ತೀನಿ.