ಮೆಗ್ನೀಸಿಯಂ ಬೆಂಕಿಗೆ ನೀರು ಬೇಡ

 

ಗುಂಜಿಯಿಂದ ಬೆಳಗಾವಿಗೆ ಐಟಿಐ ಕಲಿಯಲು ಹೊರಟವರಲ್ಲಿ ಕೆಲವರು ನಾಳೆ ಉದ್ಯಮಬಾಗದ ಕಾರ್ಖಾನೆಗೋ ಗ್ಯಾರೇಜಿಗೋ ಸೇರುತ್ತೀರಿ. ಅದಕ್ಕೇ ಈ ಮಾತು.

ಅಲ್ಯೂಮಿನಿಯಂಗಿಂತ ಮೂರರಲ್ಲೊಂದು ಪಾಲು ಹಗುರವೆಂದು ಕಾರಿನ ಸ್ಟೀರಿಂಗ್ ಚೌಕಟ್ಟು, ಗೇರ್‌ಬಾಕ್ಸ್ ಕವಚಗಳನ್ನು ಮೆಗ್ನೀಸಿಯಂ ಮಿಶ್ರಲೋಹದಲ್ಲಿಯೂ ಎರಕ ಹೊಯ್ಯುತ್ತಾರೆ. ಶಾಲೆಯಲ್ಲಿ ನಾವು ಉರಿಸಿ ತೋರಿಸುವ ಬೆಳ್ಳನೆಯ ಪಟ್ಟಿ ಅದೇ ಲೋಹ. ಪಾಲಕರು ಗಾಬರಿಯಾಗಬೇಕಿಲ್ಲ, ದಪ್ಪ ಭಾಗ ಶಾಖವನ್ನು ಬೇಗ ಹರಡಿಬಿಡುತ್ತದೆ, ಸುಲಭಕ್ಕೆ ಹೊತ್ತುವುದಿಲ್ಲ. ಅಪಾಯವಿರುವುದು ಲೇಥಿನಡಿ ಬೀಳುವ ಚೂರಿನಲ್ಲಿ, ಗ್ರೈಂಡಿಂಗ್ ಪುಡಿಯಲ್ಲಿ. ಒಂದು ಕಿಡಿ ಸಾಕು. ನೀರು ಬಿದ್ದರೆ ಹೈಡ್ರೋಜನ್ ಹುಟ್ಟಿ ಸಿಡಿಯುತ್ತದೆ. 1955ರಲ್ಲಿ ಫ್ರಾನ್ಸಿನ ಲೆ ಮಾನ್ ರೇಸಿನಲ್ಲಿ ಮೆಗ್ನೀಸಿಯಂ ಮೈಯ ಕಾರಿಗೆ ನೀರು ಹಾಕಿ ಉರಿ ಇನ್ನೂ ಹೆಚ್ಚಾಯಿತು.

ಒಣ ಮರಳು ಮುಚ್ಚಿ. ಕೆಲಸದ ಮೊದಲ ದಿನವೇ ಮರಳಿನ ಬಕೆಟ್ ಎಲ್ಲಿದೆಯೆಂದು ಕೇಳಿ, ಸಂಕೋಚ ಬೇಡ. ದಾನಿಗಳಲ್ಲೂ ಕಾರ್ಖಾನೆಯವರಿದ್ದೀರಿ. ಆ ಬಕೆಟ್ ಮಳೆಗಾಲದಲ್ಲೂ ಒಣಗಿರುವಂತೆ ನೋಡಿಕೊಳ್ಳಿ.