ಸಂಬಳಕ್ಕೆ ಹಿಡಿದ ತೆರಿಗೆ ಸಾಲದಾದಾಗ: ಅಡಿಕೆ ತೋಟದ ಲೆಕ್ಕ

ಬೆಳ್ತಂಗಡಿ ತಾಲೂಕಿನ ನೆರಿಯದಲ್ಲಿ ತಮ್ಮ ಹೆಸರಲ್ಲೇ ಅಡಿಕೆ ತೋಟ ಇಟ್ಟುಕೊಂಡು, ಮಂಗಳೂರಲ್ಲೋ ಬೆಂಗಳೂರಲ್ಲೋ ಸಂಬಳಕ್ಕೆ ದುಡಿಯುವವರಿಗಾಗಿ ಇವತ್ತಿನ ಮಾತು. ಕಂಪನಿ ತಿಂಗಳು ತಿಂಗಳು ಟಿಡಿಎಸ್ ಹಿಡಿಯುತ್ತದೆ, ಜೂನ್‌ನಲ್ಲಿ ಫಾರ್ಮ್ 16 ಕೊಡುತ್ತದೆ. ತೆರಿಗೆಯ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ರಿಟರ್ನ್ ತುಂಬಿಸಲು ಕೂತರೆ ಮೂವತ್ತು, ನಲವತ್ತು ಸಾವಿರ ಬಾಕಿ ತೋರಿಸುತ್ತದೆ. ಯಾಕೆ?

ಕಂಪನಿಗೆ ಗೊತ್ತಿರುವುದು ತಾನು ಕೊಡುವ ಸಂಬಳ. ನಿಮ್ಮ ತೋಟ ಅದರ ಲೆಕ್ಕದಲ್ಲಿಲ್ಲ.

'ಕೃಷಿಗೆ ತೆರಿಗೆಯೇ ಇಲ್ಲವಲ್ಲ?' ಹೌದು, ನೇರವಾಗಿ ಇಲ್ಲ. ಆದರೆ ಕೃಷಿಯ ನಿವ್ವಳ ಆದಾಯ ವರ್ಷಕ್ಕೆ 5,000 ರೂಪಾಯಿ ದಾಟಿದ್ದು, ಬೇರೆ ಆದಾಯವೂ ವಿನಾಯಿತಿ ಮಿತಿಗಿಂತ ಹೆಚ್ಚಿದ್ದರೆ, ಸಂಬಳಕ್ಕೆ ಯಾವ ದರ ಅಂತ ನೋಡುವಾಗ ತೋಟದ ದುಡ್ಡನ್ನೂ ಸೇರಿಸಬೇಕು.

2025-26ರ ಹೊಸ ಪದ್ಧತಿಯಲ್ಲೇ ಲೆಕ್ಕ ಹಾಕೋಣ. 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ನಿಮ್ಮ ಸಂಬಳ 14 ಲಕ್ಷ ಅಂತಿಟ್ಟುಕೊಳ್ಳಿ. ಕಂಪನಿ ಲೆಕ್ಕದ ತೆರಿಗೆ 90,000. ತೋಟದಲ್ಲಿ ಖರ್ಚು ಕಳೆದು 3 ಲಕ್ಷ ಉಳಿದಿದೆ. ಎರಡೂ ಸೇರಿ 17 ಲಕ್ಷ. ಅದಕ್ಕೆ ತೆರಿಗೆ 1,40,000. ಇನ್ನು ತೋಟದ 3 ಲಕ್ಷಕ್ಕೆ ವಿನಾಯಿತಿಯ 4 ಲಕ್ಷ ಕೂಡಿಸಿ. ಆ 7 ಲಕ್ಷದ ತೆರಿಗೆ 15,000, ಅದನ್ನು ಕಳೆಯಿರಿ. ಉಳಿದದ್ದು 1,25,000. ಅಂದರೆ 35,000 ಹೆಚ್ಚು, ಶೇಕಡಾ 4 ಸೆಸ್ ಸೇರಿ 36,400. ಇದನ್ನು ಯಾರೂ ಹಿಡಿದಿಲ್ಲ, ನೀವೇ ಕಟ್ಟಬೇಕು.

ಇಲ್ಲಿ ನಿವ್ವಳ ಅನ್ನುವುದನ್ನು ದಯವಿಟ್ಟು ಮರೆಯಬೇಡಿ. ಕ್ಯಾಂಪ್ಕೋದಲ್ಲಿ ಅಡಿಕೆ ಕೊಟ್ಟು ಬಂದ ಮೊತ್ತವನ್ನೇ ಹಾಗೇ ಬರೆಯುವವರಿದ್ದಾರೆ, ನನಗೆ ಸಂಕಟವಾಗುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ತಂದ ಮೈಲುತುತ್ತು, ಸುಣ್ಣ, ಮರ ಹತ್ತಿದವರ ಕೂಲಿ, ಗೊಬ್ಬರ, ಕೊಯ್ಲು, ಸುಲಿದದ್ದು, ಎಲ್ಲವೂ ಖರ್ಚೇ. ಮೈಲುತುತ್ತಿನ ಬಿಲ್ಲನ್ನು ಅಂಗಡಿಯಿಂದ ಕೇಳಿ ಪಡೆಯಿರಿ. ಕೂಲಿಗೆ ಒಂದು ಪುಸ್ತಕ ಇಡಿ: ತಾರೀಕು, ಹೆಸರು, ಕೆಲಸ, ಮೊತ್ತ.

ವರ್ಷದ ಮಧ್ಯೆ ಕೆಲಸ ಬದಲಿಸಿದವರಿಗೂ ಟಿಡಿಎಸ್ ಸಾಲದಾಗುವ ಇದೇ ತೊಂದರೆ. ಹಳೇ ಸಂಬಳದ ವಿವರ ಕೊಡದಿದ್ದರೆ ಹೊಸ ಕಂಪನಿ ಮತ್ತೆ ಮೊದಲಿಂದ ವಿನಾಯಿತಿ ಕೊಟ್ಟು ಕಡಿಮೆ ಹಿಡಿಯುತ್ತದೆ. ಸೇರಿದ ವಾರವೇ ಕೊಟ್ಟುಬಿಡಿ.

ಟಿಡಿಎಸ್ ಕಳೆದು 10,000 ಅಥವಾ ಹೆಚ್ಚು ಬಾಕಿ ಬರುವುದಿದ್ದರೆ ಮುಂಗಡ ತೆರಿಗೆ ಕಟ್ಟಬೇಕು. ಕಂತುಗಳು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ಕ್ಕೆ. ತಪ್ಪಿದರೆ ತಿಂಗಳಿಗೆ ಶೇಕಡಾ 1 ಬಡ್ಡಿ. ಮೊದಲ ಕಂತುಗಳು ತಪ್ಪಿದ್ದರೂ ಮಾರ್ಚ್ 15ರೊಳಗೆ ಕಟ್ಟಿ, ಏಪ್ರಿಲ್‌ನಿಂದ ಏರುವ ಬಡ್ಡಿಯಾದರೂ ಉಳಿಯುತ್ತದೆ. ಇ-ಫೈಲಿಂಗ್ ಪೋರ್ಟಲ್‌ನಲ್ಲೇ ಕಟ್ಟಬಹುದು, ಬೆಳ್ತಂಗಡಿಗೆ ಓಡಬೇಕಾಗಿಲ್ಲ.

ರಿಟರ್ನ್ ತುಂಬಿಸುವಾಗ ಐಟಿಆರ್-1 ತೆರೆಯಬೇಡಿ. ಕೃಷಿ ಆದಾಯ 5,000 ದಾಟಿದ ಸಂಬಳದಾರರಿಗೆ ಐಟಿಆರ್-2. ಕೃಷಿ ಆದಾಯ 5 ಲಕ್ಷ ದಾಟಿದ್ದರೆ ಜಮೀನು ಎಷ್ಟು ಎಕರೆ, ಸ್ವಂತದ್ದೋ ಗೇಣಿಯದ್ದೋ, ನೀರಾವರಿ ಇದೆಯೋ ಇಲ್ಲವೋ ಅಂತಲೂ ಕೇಳುತ್ತದೆ, ಪಹಣಿ ಕೈಯಲ್ಲಿಟ್ಟುಕೊಂಡೇ ಕೂತುಕೊಳ್ಳಿ.